ಒಂಬತ್ತನೇ ಅಂತಸ್ತಿನ ಹಗ್ಗದ ತುದಿ

ಒಂಬತ್ತನೇ ಅಂತಸ್ತಿನಿಂದ ನೆಲದವರೆಗೆ ಒಂದು ಇಡೀ ಲಿಫ್ಟನ್ನು ನಾನು ಒಂದೇ ಕೈಯಲ್ಲಿ ಹಿಡಿದು ಇಳಿಸಿದ್ದೇನೆ. ಖಾಲಿ ಲಿಫ್ಟಲ್ಲ. ಒಳಗೆ ಎಂಬತ್ತು ದಾಟಿದ ಒಬ್ಬ ಅಜ್ಜಿ, ಇಬ್ಬರ ಜಾಗ ಬೇಡುವ ಗುಲ್ಸುನ್ ಏಜೆ, ಅಂದರೆ ಗುಲ್ಸುನ್ ಅಕ್ಕ, ಅವಳ ಸೊಂಟದ ಮೇಲೆ ಬೋಗುಣಿ ತುಂಬ ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡುಗಳು, ಬಿಸಿ ಬಿಸಿ ಬೋರ್ಸೋಕ್. ಎಡಗೈಯಲ್ಲಿ ಹಿಡಿತ, ಬಾಯಲ್ಲಿ ಬೋರ್ಸೋಕ್. ಬಲಗೈ ಬಿಡುವಾಗಿಯೇ ಇತ್ತು. ಪಕ್ಕದಲ್ಲಿ ಇನ್ನೊಂದು ಲಿಫ್ಟ್ ಇದ್ದಿದ್ದರೆ ಅದನ್ನೂ ಹಿಡಿಯುತ್ತಿದ್ದೆ. ಬಿಷ್ಕೆಕ್‌ನಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ. ಕೆನೆಶ್‌ನನ್ನು ಮಾತ್ರ ಕೇಳಬೇಡಿ.

ಕೆನೆಶ್ ನನ್ನ ಜೊತೆಗಾರ. ಬಾಯಿ ತೆರೆದರೆ ಹಲ್ಲು ಉದುರಿಬಿಡುತ್ತವೆ ಎಂಬಂತೆ ತುಟಿ ಬಿಗಿದುಕೊಂಡಿರುವ ಆಸಾಮಿ. ಇಬ್ಬರೂ ಊರಿನ ಹಳೆಯ ಲಿಫ್ಟುಗಳನ್ನು ರಿಪೇರಿ ಮಾಡುವವರು. ಹಳೆಯವು ಎಂದರೆ ಎಷ್ಟು ಹಳೆಯವು? ಕೆಲವು ಲಿಫ್ಟುಗಳು ಕಟ್ಟಡಕ್ಕಿಂತ ಮೊದಲೇ ಅಲ್ಲಿ ನಿಂತಿದ್ದವು, ಆಮೇಲೆ ಅವುಗಳ ಸುತ್ತ ಮನೆ ಕಟ್ಟಿದರು. ಅಂಥವೂ ನನ್ನ, ಅಂದರೆ ಈ ಜೋಲ್ದೋಶ್‌ನ, ಕೆಮ್ಮು ಕೇಳಿದರೆ ತಾವಾಗಿ ಬಾಗಿಲು ತೆರೆಯುತ್ತವೆ.

ಪಾಪ್ಲರ್ ಮರಗಳ ಹತ್ತಿ ಅಂಗಳದ ತುಂಬ ಹಾರಾಡುವ ಕಾಲ. ಮಾರುಕಟ್ಟೆಯ ಹಿಂದಿನ ಒಂಬತ್ತಂತಸ್ತಿನ ಕಟ್ಟಡದಲ್ಲಿ ಲಿಫ್ಟಿನ ಹಗ್ಗಗಳು ಸವೆದು, ಉಕ್ಕಿನ ಎಳೆಗಳು ಮುಳ್ಳಿನಂತೆ ಎದ್ದು ನಿಂತಿದ್ದವು. ಮೂರು ಹಗ್ಗಗಳನ್ನೂ ಬದಲಾಯಿಸಬೇಕು. ಶನಿವಾರ ಬೆಳಿಗ್ಗೆ ಲಿಫ್ಟ್ ನಿಲ್ಲಿಸಿ, ಅದರ ಪೆಟ್ಟಿಗೆಯನ್ನು ಮೇಲಿನ ಅಂತಸ್ತಿಗಿಂತ ತುಸು ಕೆಳಗೆ ತಂದು, ದಪ್ಪ ತೊಲೆಯಿಂದ ಸರಪಳಿ ಇಳಿಬಿಟ್ಟು ತೂಗು ಹಾಕಿದೆವು. ಹಗ್ಗದ ಕೆಲಸ ಮುಗಿಯುವವರೆಗೂ ಭಾರವೆಲ್ಲ ಸರಪಳಿಯದು. ಒಂಬತ್ತನೇ ಅಂತಸ್ತಿನ ಬಾಗಿಲು ತೆರೆದಿಟ್ಟು, ಅಡ್ಡಕ್ಕೊಂದು ಹಲಗೆ ಕಟ್ಟಿ, ಪೆಟ್ಟಿಗೆಯ ನೆತ್ತಿಯ ಮೇಲೆ ನಿಂತೆವು.

ಹಲಗೆಯ ಆಚೆ ಒಂದು ಸ್ಟೂಲು ಬಂತು. ಸ್ಟೂಲಿನ ಮೇಲೆ ಅದೇ ಅಂತಸ್ತಿನ ಅಜ್ಜಿ ಬುರುಲ್ಚಾ ಅಪಾ ಬಂದು ಕೂತರು. ಮಡಿಲಲ್ಲಿ ಎರಡು ಉಂಡೆ ಉಣ್ಣೆ, ಒಂದು ಕಪ್ಪು, ಒಂದು ಬಿಳಿ.

"ಎಷ್ಟೊತ್ತಿಗೆ ಮುಗಿಯುತ್ತೋ ಇದು?" ಎಂದರು.

"ಅಪಾ, ನೀವೊಂದು ಬಟ್ಟಲು ಚಹಾ ಕುಡಿಯೋದ್ರೊಳಗೆ."

"ಮೂರು ಬಟ್ಟಲು ಕುಡಿದು ಬಂದೆ. ನೀನಿನ್ನೂ ಕೈಗವಸು ಹಾಕ್ಕೊಳ್ತಾ ಇದ್ದೀಯ."

ಕೆನೆಶ್ ತಲೆ ತಗ್ಗಿಸಿ ಸ್ಪ್ಯಾನರ್ ಹುಡುಕಿದ. ಸ್ಪ್ಯಾನರ್ ಅವನ ಕೈಯಲ್ಲೇ ಇತ್ತು.

ಅಪಾಳಿಗೆ ಏನು ಅವಸರ ಎಂಬುದು ಆ ಕಟ್ಟಡದ ಬೆಕ್ಕುಗಳಿಗೂ ಗೊತ್ತಿತ್ತು. ಮರಿಮೊಮ್ಮಗ ಸಂಜಾರ್ ಹೆಜ್ಜೆ ಇಡಲು ಶುರು ಮಾಡಿದ್ದ. ಭಾನುವಾರ ಮಧ್ಯಾಹ್ನ ಅಂಗಳದಲ್ಲಿ ಅವನ ತೊಡರು ಕತ್ತರಿಸುವ ಶಾಸ್ತ್ರ. ಕಪ್ಪು-ಬಿಳಿ ಉಣ್ಣೆಯ ದಾರವನ್ನು ಮಗುವಿನ ಎರಡೂ ಕಾಲಿಗೆ ಕಟ್ಟಿ ನಿಲ್ಲಿಸುತ್ತೇವೆ. ನೆರೆಹೊರೆಯ ಮಕ್ಕಳು ಓಡಿ ಬರುತ್ತಾರೆ. ಮೊದಲು ಬಂದವರು ಚಾಕುವಿನಿಂದ ದಾರ ಕತ್ತರಿಸಿದರೆ ಮಗುವಿನ ನಡಿಗೆ ಸರಾಗ. ಆ ಮನೆತನದಲ್ಲಿ ಯಾವ ಮಗುವಿನ ತೊಡರನ್ನೂ ಅಪಾ ಅಲ್ಲದೆ ಬೇರೆಯವರು ಹೊಸೆದದ್ದಿಲ್ಲ, ಕಟ್ಟಿದ್ದೂ ಇಲ್ಲ. ಆದರೆ ಕಳೆದ ಚಳಿಗಾಲದಲ್ಲಿ ಮಂಜಿನ ಮೇಲೆ ಜಾರಿ ಸೊಂಟ ಮುರಿದುಕೊಂಡ ಮೇಲೆ ಅಪಾಳಿಗೆ ಮೆಟ್ಟಿಲು ಎಂದರೆ ಹಿಮದ ಕಣಿವೆ. ಲಿಫ್ಟ್ ನಡೆದರೆ ಉಂಟು, ಇಲ್ಲದಿದ್ದರೆ ಕಿಟಕಿಯಲ್ಲಿ ನಿಂತು ಶಾಸ್ತ್ರ ನೋಡಬೇಕು.

ಮೊಮ್ಮಗ ತಿಲೆಕ್, ಸಂಜಾರ್‌ನ ಅಪ್ಪ, ಗೂಳಿಯಂಥ ಆಳು. ಬಾಗಿಲಿಗೆ ಬಂದು, "ಅಪಾ, ಇವರನ್ನ ನಂಬ್ಕೊಂಡು ಯಾಕೆ ಕೂತಿದ್ದೀರಿ? ನಾಳೆ ನನ್ನ ಬೆನ್ನ ಮೇಲೆ ಹೊತ್ಕೊಂಡು ಇಳಿಸ್ತೀನಿ, ಬಿಡಿ" ಎಂದ.

"ನನ್ನನ್ನ ಹೊತ್ತು ಇಳಿಸೋ ದಿನ ಬಂದೇ ಬರುತ್ತೆ, ಆವತ್ತು ನಾನು ಬೇಡ ಅನ್ನಲ್ಲ. ನಾಳೆ ನನ್ನ ಕಾಲ ಮೇಲೆ ಹೋಗ್ತೀನಿ."

ತಿಲೆಕ್ ನನ್ನತ್ತ ನೋಡಿದ. ನಮ್ಮಲ್ಲಿ ವಯಸ್ಸಿನಲ್ಲಿ ಹಿರಿಯನಿಗೆ ಬಾಯ್ಕೆ, ಅಂದರೆ ಅಣ್ಣ, ಎನ್ನುತ್ತಾರೆ. "ಬಾಯ್ಕೆ, ನಾಳೆ ಮಧ್ಯಾಹ್ನಕ್ಕೆ ಆಗುತ್ತಾ, ಇಲ್ವಾ? ನಿಜ ಹೇಳಿ."

"ತಮ್ಮಾ, ಈ ಜೋಲ್ದೋಶ್ ಕಟ್ಟಿದ ಹಗ್ಗದ ತುದಿ ಇವತ್ತಿನವರೆಗೆ ಬಿಚ್ಚಿದ್ದಿಲ್ಲ. ನಾಳೆ ಮಧ್ಯಾಹ್ನ ಅಲ್ಲ, ಬೆಳಿಗ್ಗೇನೇ ನಿಮ್ಮ ಅಜ್ಜೀನ ರಾಣಿ ಹಾಗೆ ಇಳಿಸ್ತೀನಿ."

ಹೀಗೆ ಮಾತು ಕೊಟ್ಟೆ. ಕೆನೆಶ್ ಒಂದು ನಿಟ್ಟುಸಿರು ಬಿಟ್ಟ. ನಾನು ಮಾತು ಕೊಟ್ಟಾಗಲೆಲ್ಲ ಅವನ ಎದೆಯಿಂದ ಆ ಗಾಳಿ ಹೊರಡುತ್ತದೆ.

ಹೊಸ ಹಗ್ಗವನ್ನು ಅಳೆದು ಕತ್ತರಿಸುವ ಮೊದಲು, ಕತ್ತರಿಸುವ ಜಾಗದ ಎರಡೂ ಬದಿಗೆ ತೆಳು ತಂತಿಯನ್ನು ಒತ್ತೊತ್ತಾಗಿ ಸುತ್ತಿ ಬಿಗಿಯಬೇಕು. ಇಲ್ಲದಿದ್ದರೆ ಕತ್ತರಿಸಿದ ಕೂಡಲೆ ಎಳೆಗಳೆಲ್ಲ ಸಿಡಿದು ಪೊರಕೆಯಂತೆ ಬಿಚ್ಚಿಕೊಳ್ಳುತ್ತವೆ. ಅಪಾ ಕತ್ತು ಚಾಚಿ ನೋಡಿದರು.

"ಕತ್ತರಿಸೋ ತುಂಡು ಒಂದು ಇತ್ತ ಕೊಡು."

ಕೊಟ್ಟೆ. ಉಗುರಿನಿಂದ ಎಳೆ ಬಿಡಿಸಿ ಒಳಗಿನಿಂದ ಎಣ್ಣೆ ಹಿಡಿದ ನಾರಿನ ಹುರಿ ಎಳೆದರು. ಮುಖ ಅರಳಿತು. "ಅಯ್ಯೋ, ಇದರ ಹೊಟ್ಟೇಲಿ ನಾರು! ಹೊರಗೆ ಉಕ್ಕು ಉಕ್ಕು ಅಂತ ಜಂಭ, ಒಳಗೆ ನಮ್ಮ ಹಾಗೇನೇ. ಯಾರ ಹಾಗಿದೆ ಹೇಳು ಕೆನೆಶ್?"

ಕೆನೆಶ್ ತಲೆ ಎತ್ತಿದ. ನನ್ನನ್ನು ನೋಡಿದ, ಅಷ್ಟೆ.

ಉಕ್ಕಿನ ಹಗ್ಗಕ್ಕೆ ಗಂಟು ಹಾಕುವುದಿಲ್ಲ. ಗಟ್ಟಿ ಎರಕದ ಒಂದು ಗೂಡು ಇರುತ್ತದೆ, ಬಾಯಿ ಕಿರಿದು, ಬುಡ ಅಗಲ. ಹಗ್ಗವನ್ನು ಬಾಯಿಯಿಂದ ತೂರಿಸಿ, ಒಳಗಿನ ಬೆಣೆಯ ಸುತ್ತ ಬಳಸಿ, ಬಂದ ಬಾಯಿಯಲ್ಲೇ ಬಾಲವನ್ನು ಹೊರಗೆಳೆಯುತ್ತೇವೆ. ಭಾರ ಜಗ್ಗಿದಷ್ಟೂ ಬೆಣೆ ಕಿರಿದಾದ ಕಡೆಗೆ ನುಗ್ಗಿ ಹಗ್ಗವನ್ನು ಕಚ್ಚಿಕೊಳ್ಳುತ್ತದೆ. ನನ್ನ ಅತ್ತೆಯ ಹಟದ ಹಾಗೆ, ಎಳೆದಷ್ಟೂ ಗಟ್ಟಿ. ಒಂದೇ ಒಂದು ಎಚ್ಚರ ಬೇಕು. ಗೂಡಿನ ಒಂದು ಗೋಡೆ ನೇರ, ಇನ್ನೊಂದು ಓರೆ. ಭಾರ ಹೊರುವ ಹಗ್ಗ ನೇರ ಗೋಡೆಗುಂಟ ಬರಬೇಕು, ಬಾಲ ಓರೆ ಗೋಡೆಯ ಕಡೆ. ತಿರುಗುಮುರುಗಾದರೆ ಹಗ್ಗ ಸೊಂಟ ಡೊಂಕು ಮಾಡಿಕೊಂಡು ಭಾರ ಹೊರುತ್ತದೆ, ಬೇಗ ಕೆಡುತ್ತದೆ. ಇದು ತರಬೇತಿಯ ಮೊದಲ ದಿನವೇ ಕಲಿಸುವ ಪಾಠ. ನಾನಂತೂ ಹುಟ್ಟುವ ಮೊದಲೇ ಕಲಿತಿದ್ದೆ.

ಮಧ್ಯಾಹ್ನದ ಮೇಲೆ ಕೆನೆಶ್, ಹಗ್ಗದ ಇನ್ನೊಂದು ಕೊನೆಗೆ ಕಟ್ಟಿದ ಎದುರುಭಾರದ ಕೆಲಸ ನೋಡಲು ಕೆಳಗಿಳಿದ. ಮೇಲೆ ನಾನು, ಮೂರು ಗೂಡುಗಳು, ಮತ್ತು ದಾರ ಹೊಸೆಯುತ್ತಿದ್ದ ಅಪಾ. ಮೊದಲ ಹಗ್ಗದ ಬೆಣೆ ಕೂರಿಸಿದೆ. ಎರಡನೆಯದಕ್ಕೆ ಕೈ ಹಾಕುವಾಗ ಸುಮ್ಮನಿರಲಾಗಲಿಲ್ಲ.

"ಅಪಾ, ಒಮ್ಮೆ ನರಿನ್ ಕಡೆ ನಾನು ಬೆಣೆ ಹಾಕಿದ ಹಗ್ಗಕ್ಕೆ ನಲವತ್ತು ಕುದುರೆ ಕಟ್ಟಿ ಎಳೆಸಿದ್ರು. ಕುದುರೆಗಳು ಸುಸ್ತಾಗಿ ಕೂತವು. ಹಗ್ಗ ಒಂದು ಕೂದಲಷ್ಟೂ ಜಾರಲಿಲ್ಲ."

"ಯಾರ ಕುದುರೆಗಳೋ?"

"ನಮ್ಮ ಮಾವನವು."

"ನಿಮ್ಮ ಮಾವನ್ನ ನಾನು ಬಲ್ಲೆ. ಅವನ ಹತ್ರ ಇದ್ದದ್ದು ಒಂದು ಕತ್ತೆ. ಅದೂ ಕುಂಟು."

"ಅದು ಆಮೇಲೆ, ಅಪಾ. ನಲವತ್ತೂ ಮಾರಿ ಕತ್ತೆ ತಗೊಂಡ."

"ಹಗ್ಗ ನೋಡ್ಕೊಂಡು ಹಾಕು, ಮಗನೇ."

"ನಾನು ಕಣ್ಣು ಮುಚ್ಚಿ ಹಾಕಿದರೂ ಒಂದೇ" ಎಂದು ಕಣ್ಣು ಮುಚ್ಚಿಯೇ ತೋರಿಸಿದೆ. ನಿಜಕ್ಕೂ ಮುಚ್ಚಿದ್ದೆ. ಆಮೇಲೆ ಮೂರನೆಯದನ್ನೂ ಮುಗಿಸಿದೆ. ಬಾಲಗಳನ್ನು ಉದ್ದಕ್ಕೇ ಬಿಟ್ಟಿದ್ದೆ. ನನ್ನ ಕಥೆಗಳಿಗೂ ಹಗ್ಗಗಳಿಗೂ ಬಾಲ ಸ್ವಲ್ಪ ಜಾಸ್ತಿಯೇ.

ಆ ಹೊತ್ತಿಗೆ ಆರನೇ ಅಂತಸ್ತಿನ ಗುಲ್ಸುನ್ ಏಜೆ ಮಾರುಕಟ್ಟೆಯ ಚೀಲ ಹೊತ್ತು ಮೆಟ್ಟಿಲಲ್ಲಿ ಏದುಸಿರು ಬಿಡುವುದು ಕೇಳಿಸಿತು. ಅಲ್ಲಿಂದಲೇ ಕೂಗಿದಳು: "ಜೋಲ್ದೋಶ್! ನಿನ್ನ ಲಿಫ್ಟ್ ಸರಿಯಾಗೋದ್ರೊಳಗೆ ನಾನು ಹುಡುಗಿ ಥರ ತೆಳ್ಳಗಾಗಿಬಿಡ್ತೀನಿ!"

"ಹಾಗಾದ್ರೆ ಇನ್ನೊಂದು ಹತ್ತು ವರ್ಷ ರಿಪೇರಿ ಮಾಡ್ತೀವಿ ಏಜೆ!"

ಅವಳು ಒಂದು ಆಲೂಗಡ್ಡೆ ಎಸೆದಳೆಂದು ಕಾಣುತ್ತದೆ. ಎಲ್ಲೋ ಕೆಳಗೆ ಗೋಡೆಗೆ ಬಡಿಯಿತು.

ಭಾನುವಾರ ಬೆಳಿಗ್ಗೆ ನಾವು ಬಂದಾಗ ಅಂಗಳದಲ್ಲಿ ದೊಡ್ಡ ಕಡಾಯಿಯ ಕೆಳಗೆ ಬೆಂಕಿ ಎದ್ದಿತ್ತು. ಲಿಫ್ಟಿನ ಬಾವಿಯ ತುಂಬ ಆರನೇ ಅಂತಸ್ತಿನಲ್ಲಿ ಕರಿಯುತ್ತಿದ್ದ ಬೋರ್ಸೋಕಿನ ವಾಸನೆ. ಅಪಾ ಆಗಲೇ ಸ್ಟೂಲಿನ ಮೇಲಿದ್ದರು. ಬಿಳಿ ತಲೆವಸ್ತ್ರ, ಮಖಮಲ್ಲಿನ ಮೇಲಂಗಿ, ಜೇಬಿನಲ್ಲಿ ಹೊಸೆದು ಮುಗಿಸಿದ ದಾರ. ಸರಪಳಿ ಸಡಿಲಿಸಿ ಭಾರವನ್ನು ಹಗ್ಗಗಳಿಗೆ ಬಿಡುವುದೊಂದೇ ಬಾಕಿ. ನಾನು ಸರಪಳಿಗೆ ಕೈ ಹಾಕಿದೆ.

"ಜೋಲ್ದೋಶ್," ಎಂದರು ಅಪಾ. "ಈ ಮೂವರು ಅಣ್ಣತಮ್ಮಂದಿರಲ್ಲಿ ನಡುವಿನವನು ಯಾಕೆ ಆ ಕಡೆ ಮುಖ ತಿರುಗಿಸ್ಕೊಂಡಿದಾನೆ? ಜಗಳವಾ?"

ನೋಡಿದೆ. ಎರಡು ಹಗ್ಗಗಳ ಬಾಲ ಎಡಕ್ಕೆ ಓರೆಯಾಗಿತ್ತು, ನಡುವಿನದರ ಬಾಲ ಬಲಕ್ಕೆ. ಗೂಡು ಸರಿಯಾಗಿಯೇ ಇತ್ತು, ಹಗ್ಗ ತಿರುಗುಮುರುಗಾಗಿತ್ತು.

"ಅದು ಬೇಕಂತಲೇ ಹಾಗೆ ಬಿಟ್ಟಿದ್ದು," ಎಂದೆ. "ಕೆನೆಶ್ ನೋಡ್ತಾನಾ ಇಲ್ವಾ ಅಂತ ಪರೀಕ್ಷೆ."

"ಕೆನೆಶ್ ಇನ್ನೂ ಮೆಟ್ಟಿಲು ಹತ್ತಿ ಬಂದಿಲ್ವಲ್ಲೋ."

"ಅದಕ್ಕೇ ಇನ್ನೂ ಪಾಸಾಗಿಲ್ಲ."

ಕೆನೆಶ್ ಬಂದ. ನೋಡಿದ. ಸುತ್ತಿಗೆ ನನ್ನ ಕೈಗೆ ಕೊಟ್ಟ. ಅವನು ನಾಲ್ಕು ಮಾತು ಬೈದಿದ್ದರೆ ವಾಸಿ ಇತ್ತು. ಬೆಣೆ ಹೊಡೆದು ಬಿಡಿಸಿ, ಹಗ್ಗ ಹೊರಗೆಳೆದು, ಕಣ್ಣು ಅಗಲವಾಗಿ ತೆರೆದುಕೊಂಡು ಮತ್ತೆ ಕೂರಿಸಿದೆ. ಕೆನೆಶ್ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿದ, ಅಪಾ ಹಲಗೆಯ ಮೇಲಿಂದ ಬಗ್ಗಿ ನೋಡಿದರು. ನನ್ನ ಮದುವೆಯ ದಿನವೂ ಅಷ್ಟು ಜೋಡಿ ಕಣ್ಣು ನನ್ನ ಮೇಲಿರಲಿಲ್ಲ.

ಆಮೇಲೆ ಸರಪಳಿ ಸಡಿಲಿಸಿದೆವು. ಮೂರು ಬೆಣೆಗಳೂ ಕರ್ರೆಂದು ಕಚ್ಚಿಕೊಂಡವು. ಮೂರು ಬಾಲಗಳೂ ಒಂದು ಬೆರಳಿನಗಲ ಒಳಸರಿದು ನಿಂತವು. ಪ್ರತಿ ಬಾಲವನ್ನೂ ಕ್ಲಿಪ್ಪಿನಿಂದ ಬಿಗಿದು, ಮೂರೂ ಹಗ್ಗ ಒಂದೇ ಬಿಗಿಯಲ್ಲಿ ನಿಲ್ಲುವಂತೆ ನಟ್ಟು ತಿರುಗಿಸಿದೆವು. ಕೆನೆಶ್ ಕಬ್ಬಿಣದ ತೂಕಗಳನ್ನು ತುಂಬಿಸಿ ಲಿಫ್ಟನ್ನು ಮೇಲೆ ಕೆಳಗೆ ಓಡಿಸಿದ, ತೂಕ ಇಳಿಸಿ ಮತ್ತೆ ಓಡಿಸಿದ, ಕೊನೆಗೆ ಬಾಯಿ ತೆರೆದ.

"ಆಯ್ತು. ಹೋಗಬಹುದು."

ಆಗಲೇ ಕೆಳಗಿನಿಂದ ತಿಲೆಕ್‌ನ ಹೆಂಡತಿ ಜಿಲ್ದಿಜ್ ಕೂಗುತ್ತಿದ್ದಳು. "ಅಪಾ! ಮಕ್ಕಳೆಲ್ಲ ಸಾಲಾಗಿ ನಿಂತಿದಾರೆ! ಸಂಜಾರ್‌ಗೆ ನಿದ್ದೆ ಬರ್ತಾ ಇದೆ, ಅವನು ಮಲಗಿಬಿಟ್ರೆ ಸಂಜೆವರೆಗೂ ಏಳಲ್ಲ!"

ಅಪಾ ಎದ್ದು ಕೋಲು ಊರಿಕೊಂಡು ಲಿಫ್ಟಿನ ಬಾಗಿಲಿಗೆ ಬಂದರು. ನಾನು ಸೊಂಟ ಬಗ್ಗಿಸಿ, "ದಯಮಾಡಿಸಿ, ರಾಣಿ" ಎಂದೆ.

"ಮೊದಲು ನೀನು ಒಳಗೆ ಬಾ."

"ನಾನಾ?"

"ನಮ್ಮ ಮಾವನವರ ಮನೇಲಿ ಜೀನಿನ ಪಟ್ಟಿ ಯಾರು ಬಿಗಿದರೋ ಅವರೇ ಮೊದಲು ಕುದುರೆ ಹತ್ತಿ ಒಂದು ಸುತ್ತು ಹಾಕ್ಕೊಂಡು ಬರಬೇಕು. ಆಮೇಲೆ ಹೆಂಗಸರು, ಮಕ್ಕಳು ಹತ್ತೋದು. ಹಗ್ಗ ಕಟ್ಟಿದ್ದು ನೀನು. ನನ್ನ ಜೊತೆ ಬಾ."

"ಅಪಾ, ನಾನು ನೆತ್ತಿ ಮೇಲೆ ನಿಂತ್ಕೊಂಡು ಬರ್ತೀನಿ. ಅಲ್ಲಿಂದ ಕಾವಲು."

"ಕಾವಲಿಗೆ ಕೆನೆಶ್ ಇದಾನೆ."

"ಡಾಕ್ಟ್ರು ನನಗೆ ಮೆಟ್ಟಿಲು ಇಳೀರಿ ಅಂತ ಹೇಳಿದಾರೆ. ಮೊಣಕಾಲಿಗೆ."

"ಮೊಣಕಾಲು ನೋವಿಗೆ ಮೆಟ್ಟಿಲು ಇಳಿ ಅಂತಾನಾ? ಯಾವ ಡಾಕ್ಟ್ರು? ನಿಮ್ಮ ಮಾವನ ಕತ್ತೆಗೆ ನೋಡಿದವನಾ?"

ಪೆಟ್ಟಿಗೆಯ ನೆತ್ತಿಯ ಮೇಲಿನಿಂದ ಕೆನೆಶ್‌ನ ದನಿ ಬಂತು. "ಬಾಯ್ಕೆ ಒಳಗೆ ಹತ್ತಲ್ಲ, ಅಪಾ. ನಾನು ಕೆಲಸಕ್ಕೆ ಸೇರಿದಾಗಿಂದ ಒಂದು ಸಲಾನೂ ನೋಡಿಲ್ಲ."

ವರ್ಷಕ್ಕೆ ಒಂದು ಸಲ ಬಾಯಿ ತೆರೆಯುವ ಮನುಷ್ಯ, ತೆರೆಯುವುದಕ್ಕೆ ಆ ಗಳಿಗೆಯೇ ಬೇಕಿತ್ತೆ!

ಅಪಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ತಿರುಗಿ ಹೋಗಿ ಸ್ಟೂಲಿನ ಮೇಲೆ ಕೂತರು. ಜೇಬಿನಿಂದ ಕಪ್ಪು-ಬಿಳಿ ದಾರ ತೆಗೆದು ಮಡಿಲಲ್ಲಿಟ್ಟುಕೊಂಡರು. "ಕಟ್ಟಿದವನೇ ಹತ್ತದ ಲಿಫ್ಟಿಗೆ ನಾನು ಹತ್ತಲ್ಲ. ಕೆಳಗೆ ಹೇಳಿ, ಶಾಸ್ತ್ರ ಇಲ್ಲ ಅಂತ."

"ಅಪಾ-ಆ!" ಎಂದು ಕೆಳಗಿನಿಂದ ಜಿಲ್ದಿಜ್. "ಕಣ್ಣು ಮುಚ್ತಾ ಇದಾನೆ!"

ಬಾಗಿ ನೋಡಿದರೆ ಸ್ಟೂಲಿನ ಕೆಳಗೆ ಅಪಾಳ ಹೊಸ ಬೂಟು ಕಂಡಿತು. ಮೆರುಗು ಕೊಟ್ಟ ಕರಿ ಬೂಟು. ಚಳಿಗಾಲದಿಂದ ಈಚೆ ಅದು ನೆಲ ಮುಟ್ಟಿರಲಿಲ್ಲ. ಅದರೊಳಗೆ ಅಪಾಳ ಪಾದಗಳು ಅಂಗಳದ ಕಡೆಗೇ ತಿರುಗಿದ್ದವು.

ನಾನು ವೀರ. ವೀರರಿಗೆ ಒಂದು ಗಳಿಗೆ ಸಾಕು. ಒಳಗೆ ಹೋದೆ.

ಅಪಾ ಬಂದು ಪಕ್ಕದಲ್ಲಿ ನಿಂತರು. ಬಾಗಿಲು ಮುಚ್ಚಿತು. ತಗಡಿನ ಚಾವಣಿ, ಮಿಣಮಿಣ ಎನ್ನುವ ಒಂದು ದೀಪ, ಗೋಡೆಯ ಮೇಲೆ ಮೊಳೆಯಿಂದ ಕೆತ್ತಿದ ಯಾರದೋ ಪ್ರೇಮ. ಹೆದರಿದ ಮುದುಕಿಗೆ ಧೈರ್ಯ ಬೇಕಲ್ಲ, ಎಡಗೈ ಚಾಚಿದೆ. ಲಿಫ್ಟ್ ಕೆಳಗೆ ಹೊರಟಿತು. ಏಳನೇ ಅಂತಸ್ತಿನವರೆಗೆ ನಾನು ಒಂದೇ ಸಮನೆ ಧೈರ್ಯ ಹೇಳುತ್ತಿದ್ದೆ. ಯಾರಿಗೆ ಎಂದು ಕೇಳಬೇಡಿ.

ಆರನೇ ಅಂತಸ್ತಿನಲ್ಲಿ ಲಿಫ್ಟ್ ಧಡಕ್ಕೆಂದು ನಿಂತಿತು. ನನ್ನ ಪ್ರಾಣ ಹಾರಿ ಚಾವಣಿಗೆ ಅಂಟಿಕೊಂಡಿತು. ಬಾಗಿಲು ತೆರೆದರೆ ಗುಲ್ಸುನ್ ಏಜೆ, ಸೊಂಟದ ಮೇಲೆ ಬೋಗುಣಿ. ಗುಂಡಿ ಒತ್ತಿದ್ದು ಅವಳು.

"ಅಯ್ಯೋ, ಜೋಲ್ದೋಶ್ ಒಳಗೆ! ಸೂರ್ಯ ಯಾವ ಕಡೆ ಹುಟ್ಟಿದ? ಸರಿ, ಸರಿ, ಜಾಗ ಬಿಡು."

"ಏಜೆ, ನೀವು ಮುಂದಿನ ಸಲ—"

"ಮುಂದಿನ ಸಲ ತಣ್ಣಗಾಗುತ್ತೆ" ಎಂದು ಹತ್ತಿಯೇಬಿಟ್ಟಳು. ನೆಲ ಒಂದಿಷ್ಟು ತಗ್ಗಿತು. ಹೊಸ ಹಗ್ಗ, ಸ್ಪ್ರಿಂಗು ಇದೆ, ತಗ್ಗುವುದು ಸಹಜ. ನನಗೆ ಗೊತ್ತಿದ್ದ ಈ ಸಂಗತಿ ನನ್ನ ಗಂಟಲಿಗೆ ಗೊತ್ತಿರಲಿಲ್ಲ. ಅದು ಏನೋ ಸದ್ದು ಮಾಡಿತು. ಗುಲ್ಸುನ್ ಏಜೆ ಬೋಗುಣಿಯಿಂದ ಒಂದು ಬೋರ್ಸೋಕ್ ತೆಗೆದು ನನ್ನ ಬಾಯಿಗೆ ತುರುಕಿದಳು.

ನೆಲ ಬಂತು. ಬಾಗಿಲು ತೆರೆಯಿತು. ಬಿಸಿಲು, ಪಾಪ್ಲರ್ ಹತ್ತಿ, ಚಪ್ಪಾಳೆ.

ಅಪಾ ನಿಧಾನವಾಗಿ ಅಂಗಳಕ್ಕೆ ನಡೆದರು, ತಮ್ಮ ಕಾಲ ಮೇಲೆ. ತೂಕಡಿಸುತ್ತಿದ್ದ ಸಂಜಾರ್‌ನನ್ನು ನಿಲ್ಲಿಸಿ, ದಾರವನ್ನು ಎಂಟರ ಆಕಾರದಲ್ಲಿ ಕಾಲಿಗೆ ಸುತ್ತಿ ಸಡಿಲಾಗಿ ಕಟ್ಟಿದರು. ಮಕ್ಕಳು ಆ ಕೊನೆಯಿಂದ ಧೂಳೆಬ್ಬಿಸಿ ಓಡಿ ಬಂದರು. ಹಳದಿ ಬೂಟಿನ ಒಂದು ಹುಡುಗಿ ಎಲ್ಲರಿಗಿಂತ ಮುಂದೆ. ಅವಳ ಕೈಗೆ ಚಾಕು ಕೊಟ್ಟು, ಅಪಾ ಮೇಲೊಂದು ಕೈ ಇಟ್ಟರು. ದಾರ ಕಚಕ್ಕೆಂದು ತುಂಡಾಯಿತು. ಸಂಜಾರ್ ಒಂದು ಹೆಜ್ಜೆ, ಎರಡು ಹೆಜ್ಜೆ, ಆಮೇಲೆ ನೇರ ಕಡಾಯಿಯ ಕಡೆಗೆ ಓಟ. ಜಿಲ್ದಿಜ್ ಹಿಂದೆಯೇ ಓಡಿದಳು.

ಪುಲಾವ್ ಬಡಿಸುವ ಹೊತ್ತಿಗೆ ನಾನು ಗಂಡಸರ ನಡುವೆ ಕೂತಿದ್ದೆ. ತಟ್ಟೆ ತುಂಬಿತ್ತು, ಬಾಯಿಯೂ ಬಿಡುವಾಗಿತ್ತು.

"ಆರನೇ ಅಂತಸ್ತಿನಲ್ಲಿ ಅದು ಧಡಕ್ ಅಂತಲ್ಲಾ, ಆಗ ನಾನು ಎಡಗೈಯಲ್ಲಿ ಒಂದು ಹಿಡಿತ ಹಿಡಿದೆ ನೋಡಿ, ನೆಲ ಮುಟ್ಟೋವರೆಗೂ ಬಿಡಲಿಲ್ಲ. ಇಡೀ ಲಿಫ್ಟು, ಇಬ್ಬರು ಹೆಂಗಸರು, ಒಂದು ಬೋಗುಣಿ!"

"ಹೌದು," ಎಂದರು ಅಪಾ. ಹಿಂದೆಯೇ ನಿಂತಿದ್ದರು. "ಅದೊಂದು ನಿಜ. ಹಿಡಿದಿದ್ದ."

ಎಲ್ಲರೂ ತಿರುಗಿದರು. ಅಪಾ ಮೇಲಂಗಿಯ ತೋಳನ್ನು ಮೆಲ್ಲಗೆ ಮೇಲಕ್ಕೆ ಸರಿಸಿ ಮಣಿಕಟ್ಟು ತೋರಿಸಿದರು. ನಾಲ್ಕು ಬೆರಳು, ಒಂದು ಹೆಬ್ಬೆರಳು, ಮಾಗಿದ ಟೊಮೆಟೊದಷ್ಟು ಕೆಂಪಗೆ.

ತಿಲೆಕ್ ನಕ್ಕು ನಕ್ಕು ತಟ್ಟೆ ಕೆಳಗಿಟ್ಟ. ಗುಲ್ಸುನ್ ಏಜೆ, "ಬಾಯಿಗೆ ಬೋರ್ಸೋಕ್ ತುರುಕದಿದ್ರೆ ಅಮ್ಮಾ ಅಂತ ಕೂಗಿಬಿಡ್ತಿದ್ದ, ನಾನೇ ಸಾಕ್ಷಿ" ಎಂದಳು. ಕೆನೆಶ್ ಕೂಡ ನಕ್ಕ. ಅವನಿಗೆ ಹಲ್ಲುಗಳಿವೆ ಎಂದು ನನಗೆ ಗೊತ್ತಾದದ್ದು ಆಗಲೇ.

"ಹೇಳಪ್ಪ," ಎಂದರು ಅಪಾ, ನನ್ನ ಪಕ್ಕದಲ್ಲೇ ಕೂತು. "ಹಗ್ಗ ಹಿಡಿಯುತ್ತೆ ಅಂತ ನಿನಗೆ ನಂಬಿಕೆ ಇರಲಿಲ್ವಾ?"

ಸರಿ, ಹೇಳುತ್ತೇನೆ. ಹಗ್ಗ ಹಿಡಿಯುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ಹಗ್ಗ ಸಾಕು ಇಡೀ ಪೆಟ್ಟಿಗೆಯನ್ನು ಹೊರಲು, ನಾವು ಮೂರು ಹಾಕುತ್ತೇವೆ. ಆದರೆ ನೆತ್ತಿಯ ಮೇಲೆ ನಿಂತರೆ ಮೂರು ತುದಿಗಳೂ ನನ್ನ ಕಣ್ಣೆದುರಿಗಿರುತ್ತವೆ; ಒಳಗೆ ನಿಂತರೆ ಬರೀ ತಗಡಿನ ಚಾವಣಿ. ಮೇಲೆ ಇರುವ ತುದಿಗಳನ್ನು ಯಾರು ಕಟ್ಟಿದ್ದು ಎಂದು ನೆನಪಾಗುತ್ತದೆ. ನಾನು! ಕಣ್ಣು ಮುಚ್ಚಿ ಬೆಣೆ ಹಾಕುವ, ಇಲ್ಲದ ನಲವತ್ತು ಕುದುರೆ ಸಾಕುವ ನಾನು! ಊರಿನ ಎಲ್ಲರೂ ಆ ಮನುಷ್ಯನನ್ನು ನಂಬಿ ಲಿಫ್ಟ್ ಹತ್ತುತ್ತಾರೆ. ಅವನನ್ನು ಹತ್ತಿರದಿಂದ ಬಲ್ಲವನು ನಾನೊಬ್ಬನೇ. ಅದಕ್ಕೇ ಮೆಟ್ಟಿಲು.

ಹೀಗೆ ಹೇಳಿದಾಗ ಯಾರೂ ನಗಲಿಲ್ಲ. ಅಪಾ ಮಾತ್ರ, "ಇವತ್ತು ಮೂರು ಜನ ನೋಡ್ತಾ ಇದ್ವಲ್ಲ, ಸರಿಯಾಗಿ ಕಟ್ಟಿದ್ದೀಯ" ಎಂದು ತಮ್ಮ ತಟ್ಟೆಯ ಕೊಬ್ಬಿನ ತುಂಡನ್ನು ನನ್ನ ತಟ್ಟೆಗೆ ಹಾಕಿದರು.

ಸಂಜೆ ಅವರನ್ನು ಮತ್ತೆ ಮೇಲೆ ಹತ್ತಿಸಬೇಕಿತ್ತು. ನಾನೇ ಒಳಗೆ ಹೋದೆ, ಯಾರೂ ಹೇಳುವ ಮೊದಲೇ. ಕಣ್ಣು ತೆರೆದುಕೊಂಡೇ ಒಂಬತ್ತು ಅಂತಸ್ತು ಹತ್ತಿದೆ. ಈ ಸಲ ಅಪಾಳ ಮಣಿಕಟ್ಟು ಹಿಡಿಯಲಿಲ್ಲ, ಮೇಲಂಗಿಯ ತೋಳಿನ ಅಂಚನ್ನು ಸುಮ್ಮನೆ ಎರಡು ಬೆರಳಲ್ಲಿ ಹಿಡಿದಿದ್ದೆ.

ಇಲ್ಲ, ಅದೂ ಸುಳ್ಳು. ಮಣಿಕಟ್ಟನ್ನೇ ಹಿಡಿದಿದ್ದೆ. ಕೆಂಪಾಗಿರದ ಇನ್ನೊಂದು ಕೈಯನ್ನು ಅಪಾ ತಾವೇ ಮುಂದೆ ಚಾಚಿದ್ದರು.